ಭೀಮರಾಜನ ಲೆಕ್ಕ

ಮಲೆನಾಡಿನಲ್ಲಿ ಹಕ್ಕಿ ನೋಡುವುದೆಂದರೆ ಮುಕ್ಕಾಲು ಪಾಲು ಹಕ್ಕಿ ಕೇಳುವುದೇ. ಕೊಪ್ಪದ ಕಡೆಯ ನಮ್ಮ ತೋಟದಲ್ಲಿ ಕುಟ್ರುಹಕ್ಕಿ ಬೆಳಗಿನಿಂದ ಗಂಟಲು ಹರಿಯುವಂತೆ ಕೂಗುತ್ತದೆ. ಮೈಯೆಲ್ಲ ಎಲೆಯದೇ ಹಸಿರು. ಹುಡುಕಿ ಹುಡುಕಿ ಕತ್ತು ಉಳುಕಿಸಿಕೊಂಡವರುಂಟು. ಮಳೆ ಹಿಡಿದರೆ ಹಳ್ಳದ ದಂಡೆಯಲ್ಲಿ ಮಲಬಾರ್ ಸಿಳ್ಳಾರನ ಸರದಿ. ಚೆಂದವಾಗಿ ಶುರುಮಾಡುತ್ತದೆ, ನಡುವೆ ದಾರಿ ತಪ್ಪುತ್ತದೆ, ಮತ್ತೆ ಮೊದಲಿಂದ. ಸಂಗೀತ ಕಲಿತ ನೆಂಟರೊಬ್ಬರು ಸಹಿಸಲಾರದೆ ಕಿಟಕಿ ಮುಚ್ಚಿದರು.

ತೇಜಸ್ವಿಯವರು ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಫೋಟೊ ತೆಗೆದು ಪುಸ್ತಕ ಬರೆದ ಮೇಲೆ ನಮ್ಮ ಕಡೆ ದುರ್ಬೀನಿಗೂ ಒಂದು ಮರ್ಯಾದೆ ಬಂತು. ಅಮ್ಮನಿಗೆ ಅದು ಬೇಡ. ಅವಳು ಹಕ್ಕಿಗಳನ್ನು ಗುರುತಿಸುವುದು ಅಪರಾಧದ ಮೇಲೆ. ಪಪ್ಪಾಯಿ ಕೊರೆದದ್ದು ಕುಟ್ರು, ಹಣ್ಣಾದ ಮೆಣಸು ನುಂಗಿದ್ದು ಪಿಕಳಾರ, ಸಸಿಮಡಿ ಕೆದರಿದ್ದು ನವಿಲು. ನವಿಲು ರಾಷ್ಟ್ರಪಕ್ಷಿ ಎಂದರೆ, "ಹಾಗಾದ್ರೆ ರಾಷ್ಟ್ರದೋರೇ ಬಂದು ಪರಿಹಾರ ಕೊಡ್ಲಿ" ಎನ್ನುತ್ತಾಳೆ. ಸೂರಕ್ಕಿ ಒಂದೇ ನಿರಪರಾಧಿ. ಅದರ ಜಗಳವೆಲ್ಲ ಕಾರಿನ ಕನ್ನಡಿಯೊಳಗಿನ ಇನ್ನೊಂದು ಸೂರಕ್ಕಿಯ ಜೊತೆ. ಅದಕ್ಕೇ ಗೂಡು ಕಟ್ಟುವ ಕಾಲದಲ್ಲಿ ನಮ್ಮ ಕಾರು ಎರಡು ಕಿವಿಗೂ ಹಳೆಯ ಕಾಲುಚೀಲ ತೊಟ್ಟು ನಿಂತಿರುತ್ತದೆ.

ಬೆಂಗಳೂರಿನಿಂದ ಬಂದ ಅಣ್ಣನ ಮಗ ಮೊಬೈಲನ್ನು ಜಗಲಿಯಲ್ಲಿಟ್ಟ. ಕೂಗು ಕೇಳಿಯೇ ಹಕ್ಕಿಯ ಹೆಸರು ಹೇಳುವ ಆಪ್ ಅದರಲ್ಲಿತ್ತು. ಹೆಸರುಗಳು ಒಂದರ ಹಿಂದೊಂದು ಬಿದ್ದವು: ಗಿಡುಗ, ಕಾಡುಕೋಳಿ, ಮಡಿವಾಳ ಹಕ್ಕಿ...

"ಅಜ್ಜಿ, ಒಂದೇ ಮರದಲ್ಲಿ ಇಷ್ಟೊಂದು!"

ಅಮ್ಮ ಅಕ್ಕಿ ಆರಿಸುವುದು ಬಿಟ್ಟು ತಲೆಯೆತ್ತಲಿಲ್ಲ. "ಎಂತ ಇಷ್ಟೊಂದು ಮಾರಾಯ, ಎಲ್ಲ ಆ ಭೀಮರಾಜನ ಕಿತಾಪತಿ."

ಬಾಲದಲ್ಲಿ ಎರಡು ಉದ್ದ ತಂತಿ, ತುದಿಗೊಂದೊಂದು ಗರಿ ತೂಗಿಸಿಕೊಂಡು ಭೀಮರಾಜ ಆಗಲೇ ಹಾರಿಹೋಯಿತು. ಕಂಡಕಂಡವರ ದನಿಯನ್ನೆಲ್ಲ ಅಣಕಿಸುವುದು ಅದರ ಹುಟ್ಟುಗುಣ. ಹುಡುಗ ಪಟ್ಟಿಯನ್ನೇನೂ ಅಳಿಸಲಿಲ್ಲ.

ಕಣ್ಣಾರೆ ನೋಡಲೇಬೇಕೆಂದು ಶೃಂಗೇರಿ ದಾಟಿ ಕೆರೆಕಟ್ಟೆಗೆ ಕರೆದೊಯ್ದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ, ರಸ್ತೆಯಂಚೇ ಗತಿ. ಅಲ್ಲಿ ಕಾಕರಣೆ ಹಕ್ಕಿ ಸಿಕ್ಕಿತು. ಗಂಡಿನ ಎದೆ ಕೆಂಪಗೆ ಹೊಳೆಯುತ್ತದೆ, ಆದರೆ ನಮ್ಮನ್ನು ಕಂಡದ್ದೇ, ಮದುವೆಮನೆಯಲ್ಲಿ ಸಾಲ ಕೊಟ್ಟವನನ್ನು ಕಂಡವರ ಹಾಗೆ ಬೆನ್ನು ತಿರುಗಿಸಿ ಕೂತುಬಿಟ್ಟಿತು. ಹುಡುಗನ ಕ್ಯಾಮೆರಾಕ್ಕೆ ಸಿಕ್ಕಿದ್ದು ಕಂದು ಬೆನ್ನು. ನಮ್ಮನ್ನು ಹತ್ತಿರದಿಂದ ನೋಡಿದ್ದು ಇಂಬಳಗಳು.

ನರಸಿಂಹರಾಜಪುರಕ್ಕೆ ಬೇಸಿಗೆಯಲ್ಲಿ ಹೋದಾಗ ಅಮ್ಮನೂ ಬಂದಳು. ಭದ್ರಾ ಹಿನ್ನೀರಿನ ಮೇಲೆ ನದಿ ರೀವಗಳು ಹಾರುತ್ತಿದ್ದವು. ಕರಿ ಟೊಪ್ಪಿ, ಹಳದಿ ಕೊಕ್ಕು, ಕವಲು ಬಾಲ. ಇಲ್ಲಿ ಮರವಿಲ್ಲ, ಎಲೆಯಿಲ್ಲ, ಹಕ್ಕಿ ಪೂರ್ತಿ ಕಾಣುತ್ತದೆ. ನೀರು ಇಳಿದಾಗ ಲಕ್ಕವಳ್ಳಿ ಕಡೆ ನಡುಗಡ್ಡೆಗಳು ಮೇಲೇಳುತ್ತವೆ, ಅಲ್ಲಿ ಇವು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ ಎಂದು ಹುಡುಗ ವಿವರಿಸಿದ. ಅಣೆಕಟ್ಟೆಯ ನೀರಿನಲ್ಲಿ ಮನುಷ್ಯರ ಊರುಗಳು ಮುಳುಗಿದವು. ರೀವಗಳಿಗೆ ಊರು ಹುಟ್ಟಿತು. ಅಮ್ಮನ ಚಿಂತೆ ಬೇರೆ: "ಬಾಣಂತನಕ್ಕೆ ಒಂದು ಚಾಪೆನೂ ಇಲ್ವಾ?"

ಅಷ್ಟರಲ್ಲಿ ಒಂದು ರೀವ ನೀರಿಗೆರಗಿ ಮೀನು ಎತ್ತಿತು. ಹುಡುಗ ಟಪಟಪ ಫೋಟೊ ಹೊಡೆದ. ಅಮ್ಮ ದಡದಲ್ಲಿ ಬಲೆ ಬಿಡಿಸುತ್ತಿದ್ದವನ ಹತ್ತಿರ ಹೋಗಿ ಕೇಳಿದಳು, "ಆ ಹಕ್ಕಿ ತಗೊಂಡು ಹೋಯ್ತಲ್ಲ, ಅದೇ ಮೀನು ಕೆಜಿಗೆ ಎಷ್ಟಪ್ಪ?"