ಒಂಟಿಕೊಪ್ಪಲ್ ಪಂಚಾಂಗದಲ್ಲಿ ಒಟ್ಟಾವಾ

2017ರಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗಿಗೆ ಬರುತ್ತಿದ್ದ ರಾಯರೊಬ್ಬರಿಗೆ ತಮ್ಮ ವಾರ್ಡಿನ ಕಾರ್ಪೊರೇಟರ್ ಯಾರೆಂದು ಗೊತ್ತಿರಲಿಲ್ಲ. ಕೆನಡಾದ ಸೆನೆಟ್ಟಿನಲ್ಲಿ ‘ಸಿ-6’ ಮಸೂದೆ ಎಲ್ಲಿಗೆ ಬಂತು ಎಂಬುದು ಮಾತ್ರ ಬಾಯಿಪಾಠ. ಮಗ ಟೊರೊಂಟೊದಲ್ಲಿದ್ದ. 2015ರ ಜೂನಿನಿಂದ ಅಲ್ಲಿ ಪೌರತ್ವದ ಅರ್ಜಿ ಹಾಕಬೇಕಾದರೆ ಆರು ವರ್ಷಗಳಲ್ಲಿ 1,460 ದಿನ ಆ ನೆಲದ ಮೇಲೇ ಇದ್ದಿರಬೇಕಿತ್ತು. ಅದನ್ನು ಐದು ವರ್ಷಗಳಲ್ಲಿ 1,095 ದಿನಕ್ಕೆ ಇಳಿಸುವುದೇ ಸಿ-6. ಕೆಳಮನೆ 2016ರ ಜೂನಿನಲ್ಲೇ ಒಪ್ಪಿತು. ಸೆನೆಟ್ ಹೆಚ್ಚುಕಮ್ಮಿ ಇನ್ನೊಂದು ವರ್ಷ ಅದರ ಮೇಲೆ ಕೂತಿತು. 2017ರ ಜೂನ್ 19ಕ್ಕೆ ಅಂಕಿತ ಬಿತ್ತು. ರಾಯರು ಮೈಸೂರುಪಾಕು ಹಂಚಿದರು. ಕಾನೂನು ಬಂದಿದೆ, ದಿನಗಳ ಹೊಸ ಲೆಕ್ಕ ಇನ್ನೂ ಬಂದಿಲ್ಲ ಎಂಬುದು ಹಂಚಿಯಾದ ಮೇಲೆ ತಿಳಿಯಿತು. ಅದು ಜಾರಿಗೆ ಬಂದದ್ದು ಅಕ್ಟೋಬರ್ 11ಕ್ಕೆ.

ಆ ನಾಲ್ಕು ತಿಂಗಳು ಮನೆಯ ಒಂಟಿಕೊಪ್ಪಲ್ ಪಂಚಾಂಗದಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕ ಮಗನ ದಿನಗಳೂ ಪೆನ್ಸಿಲಿನಲ್ಲಿ ಏರಿದವು. ಭೀಮರಥ ಶಾಂತಿಗೆ ಬರುತ್ತೇನೆಂದ ಮಗನನ್ನು ಅಪ್ಪನೇ ತಡೆದರು. ‘‘ಬಂದ್ರೆ ಹದಿನೈದು ದಿನ ಕಳ್ದೋಗುತ್ತೆ ಕಣೋ. ವಿಡಿಯೋದಲ್ಲೇ ನಮಸ್ಕಾರ ಮಾಡು.’’

ಒಂದೂರಿನಲ್ಲಿ ಮೂರು ವರ್ಷ ತೆರಿಗೆ ಕಟ್ಟಿ, ಬಾಗಿಲ ಮುಂದಿನ ಹಿಮ ಗೋರಿ ಬದುಕಿದವನು ಆ ಊರಿನವನಾಗದೆ ಇನ್ನೇನು ಎಂಬುದು ರಾಯರ ವಾದ. ಉದಾತ್ತವಾದ ವಾದವೇ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಈಚೆಗೆ ಅನ್ವಯಿಸುವುದಿಲ್ಲ, ಅಷ್ಟೆ. ಇಲ್ಲಿ ಯಾರಾದರೂ ಪೌರತ್ವ ಕೇಳಿದರೆ, ‘‘ದೇಶ ಅಂದ್ರೆ ಧರ್ಮಛತ್ರ ಅಂದ್ಕೊಂಡಿದ್ದಾರಾ?’’

ಛತ್ರದ ಕಟ್ಟಳೆಗಳೂ ಸ್ವಾರಸ್ಯವಾಗಿವೆ. ಪೌರತ್ವ ಕಾಯ್ದೆಯ 2019ರ ಡಿಸೆಂಬರಿನ ತಿದ್ದುಪಡಿಯು ಮೂರು ನೆರೆದೇಶಗಳಿಂದ 2014 ಮುಗಿಯುವ ಮೊದಲು ಬಂದ ಆರು ಧರ್ಮಗಳವರಿಗೆ ಹನ್ನೊಂದು ವರ್ಷದ ವಾಸವನ್ನು ಐದಕ್ಕೆ ಇಳಿಸಿತು. 2020ರ ಜನವರಿ 10ಕ್ಕೆ ಜಾರಿಯೂ ಆಯಿತು. ಅರ್ಜಿ ಹಾಕಲು ಬೇಕಾದ ನಿಯಮಗಳು ಹೊರಬಿದ್ದದ್ದು 2024ರ ಮಾರ್ಚ್ 11ಕ್ಕೆ! ಐದು ವರ್ಷ ಸಾಕು ಎಂದು ಒಳಗೆ ಕರೆದು, ನಾಲ್ಕು ವರ್ಷ ಹೊಸ್ತಿಲಲ್ಲಿ ನಿಲ್ಲಿಸುವುದು ಕೆನಡಾದವರ ಕೈಲಾಗುವ ಕೆಲಸವಲ್ಲ. ಪಟ್ಟಿಯಲ್ಲಿ ಮುಸ್ಲಿಮರಿಲ್ಲ ಎಂದು ದೇಶವೆಲ್ಲ ಜಗಳವಾಡಿತು. ಟಿಬೆಟ್ಟೂ ಇಲ್ಲ ಎಂಬುದು, ಎಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಟಿಬೆಟನ್ನರ ಬೈಲಕುಪ್ಪೆ ಇಟ್ಟುಕೊಂಡ ಮೈಸೂರಿನಲ್ಲೂ ಯಾರ ನಿದ್ದೆ ಕೆಡಿಸಲಿಲ್ಲ.

ಅಲ್ಲಿಯ ಕ್ಯಾಂಪುಗಳು 1960ರ ದಶಕದವು. ಕಾನೂನಿನ ಪ್ರಕಾರ 1987ರ ಜೂನ್ 30ರ ರಾತ್ರಿ ಅಲ್ಲಿ ಹುಟ್ಟಿದ ಕೂಸು ಭಾರತೀಯ. ಗಂಟೆ ಹನ್ನೆರಡು ಹೊಡೆದ ಮೇಲೆ ಹುಟ್ಟಿದ್ದು, ಅಪ್ಪ ಅಮ್ಮ ಇಬ್ಬರೂ ಟಿಬೆಟ್ಟಿನಿಂದ ಬಂದವರಾದರೆ, ವಿದೇಶಿ. ಪೌರತ್ವ ಇಲಾಖೆಗಿಂತ ಸೂಲಗಿತ್ತಿಯ ಗಡಿಯಾರವೇ ದೊಡ್ಡದು. ಮೊದಲನೇ ಕೂಸು ಭಾರತೀಯ ಎಂಬುದನ್ನಾದರೂ ಒಪ್ಪಿಸಲು 2013ರಲ್ಲಿ ಕರ್ನಾಟಕ ಹೈಕೋರ್ಟು ಬಾಯಿ ಬಿಡಬೇಕಾಯಿತು. ರಾಯರು ಮೈಸೂರುಪಾಕು ಹಂಚಿದ ಅದೇ 2017ರಲ್ಲಿ, ಪಾಸ್‌ಪೋರ್ಟ್ ಕೇಳಿದ ಇಂಥ ಭಾರತೀಯರಿಗೆ ವಿದೇಶಾಂಗ ಸಚಿವಾಲಯ ಒಂದು ಷರತ್ತು ಹಾಕಿತು: ಕ್ಯಾಂಪಿನಲ್ಲಿ ವಾಸ ಮಾಡಕೂಡದು. ಕೆನಡಾದಲ್ಲಿ ಪೌರನಾಗಲು ಊರು ಬಿಡಬಾರದು; ಇಲ್ಲಿ ಪೌರನೆಂದು ತೋರಿಸಲು ಹುಟ್ಟಿದ ಮನೆಯನ್ನೇ ಖಾಲಿ ಮಾಡಬೇಕಿತ್ತು.

ಆಮೇಲೊಂದು ದಸರೆಗೆ ಮಗ ಕೆನಡಾದ ಪಾಸ್‌ಪೋರ್ಟ್ ಹಿಡಿದು ಬಂದ. ಮೈಸೂರಿಗೆ ಬಂದ ನೆಂಟರನ್ನೆಲ್ಲ ಕರೆದೊಯ್ಯುವ ಹಾಗೆ ಅವನನ್ನೂ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೆ ಕರೆದೊಯ್ದರು. ಮೊಮೊ ಅಂಗಡಿಯವನ ಮಾತು ಕೇಳಿ ರಾಯರು ಕರಗಿದರು: ‘‘ಹೊರಗಿನೋರಾದ್ರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಪ್ಪ!’’ ಕತ್ತಲಾಯಿತೆಂದು ಅಲ್ಲೇ ತಂಗಲು ಕೋಣೆ ಕೇಳಿದರು.

‘‘ನಿಮಗೆ ಕೊಡಬಹುದು ಸಾರ್. ಇವರು ಫಾರಿನರ್. ರಾತ್ರಿ ಉಳೀಬೇಕಾದ್ರೆ ದಿಲ್ಲಿ ಪರ್ಮಿಟ್ ಬೇಕು.’’

‘‘ನಮ್ಮ ಜಿಲ್ಲೇಲಿ ನನ್ನ ಮಗನಿಗೆ ಪರ್ಮಿಟ್ಟೇನ್ರೀ?’’ ರಾಯರು ಗುಡುಗಿದರು. ‘‘ಅವನು ಚೆಲುವಾಂಬ ಆಸ್ಪತ್ರೇಲಿ ಹುಟ್ಟಿದೋನು!’’