ಕಳೆಯಂತ್ರ ಮೀಮಾಂಸೆ

ಅಥ. ಶೃಂಗೇರಿ ಸೀಮೆಯಲ್ಲಿ ಶಾಸ್ತ್ರ ಬರೆಯುವವನು ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಪೆಟ್ರೋಲ್ ಕುಡಿದು ತೋಟದ ಕಳೆ ಹೊಡೆಯುವ ಯಂತ್ರ. ಅಂಗಡಿಯಲ್ಲಿ ಇದರ ಹೆಸರು ವೀಡ್ ಕಟರ್, ತೋಟದಲ್ಲಿ ಬರೀ ಮಿಷನ್. ಪ್ರಯೋಜನ: ಬಿದ್ದ ಅಡಿಕೆ ಕಣ್ಣಿಗೆ ಬೀಳುವಷ್ಟು ನೆಲ. ಸಂಬಂಧ: ಯಂತ್ರದ ಪಟ್ಟಿಗೂ ಹೆಗಲಿಗೂ ಇರುವಂಥದು, ರಾತ್ರಿ ಎಣ್ಣೆ ತಿಕ್ಕುವಾಗ ಅನುಭವಕ್ಕೆ ಬರುತ್ತದೆ. ಅಧಿಕಾರಿ: ಶಮ, ದಮ, ತಿತಿಕ್ಷೆ ಉಳ್ಳವನು. ಇಲ್ಲಿ ತಿತಿಕ್ಷೆಯೆಂದರೆ ಕಾಲಿಗೆ ಉಂಬಳ ಹತ್ತಿದ್ದು ಗೊತ್ತಿದ್ದೂ ಬಗ್ಗದೆ ಹಗ್ಗ ಎಳೆಯುವುದು. ಮುಮುಕ್ಷುತ್ವಕ್ಕೆ ಬೇರೆ ಸಾಧನೆ ಬೇಡ. ಆಳು ಸಿಗದ ಶ್ರಾವಣದಲ್ಲಿ ಅದು ತಾನಾಗಿ ಹುಟ್ಟುತ್ತದೆ.

ಪೂರ್ವಪಕ್ಷಿಯೊಬ್ಬ ಕೆನಡಾದಿಂದ ಫೋನಿನಲ್ಲಿ ಆಕ್ಷೇಪಿಸುತ್ತಾನೆ: "ಮಾವಾ, ನಿಮ್ಮದೇನು ಮಹಾ ಕಷ್ಟ? ಇಲ್ಲಿ ಬಾಗಿಲ ಮುಂದೆ ಮೊಣಕಾಲೆತ್ತರ ಹಿಮ. ಅದನ್ನ ಎಸೆಯೋ ಮಿಷನ್ನೇ ಸ್ಟಾರ್ಟ್ ಆಗ್ತಿಲ್ಲ." ಇದಕ್ಕೆ ಸಮಾಧಾನ: ಭೇದವಿರುವುದು ಉಪಾಧಿಯಲ್ಲಿ ಮಾತ್ರ. ಅಲ್ಲಿ ಬಿಳಿಯದು ಮೇಲಿಂದ ಬೀಳುತ್ತದೆ, ಇಲ್ಲಿ ಹಸಿರಿನದು ಕೆಳಗಿಂದ ಏಳುತ್ತದೆ. ಹಗ್ಗ, ಚೋಕು, ಕಾರ್ಬುರೇಟರು, ಬೈಗುಳ ಎರಡು ಕಡೆಯೂ ಅವೇ. ಇತಿಹಾಸವೂ ನಮ್ಮ ಪಕ್ಷದಲ್ಲೇ ಇದೆ. ಕ್ವಿಬೆಕ್‌ನ ಆರ್ಥರ್ ಸಿಕಾರ್ಡ್ ಹಿಮ ಎಸೆಯುವ ಯಂತ್ರ ಕಟ್ಟಿದ್ದು 1925ರಲ್ಲಿ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ 1925ರಲ್ಲೇ. ಅದನ್ನು ಶುರು ಮಾಡಿಸಿದವರು ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರೂ ಅವರೇ, ಹುಟ್ಟಿನಿಂದ ಅವರೂ ಕೆನಡಾದವರು. ಒಬ್ಬ ಕೆನಡಾದವನು ಅಲ್ಲಿ ಹಿಮ ಎತ್ತಿ ಎಸೆದ ವರ್ಷವೇ ಇನ್ನೊಬ್ಬ ಇಲ್ಲಿ ಕಾಫಿ ನೆಟ್ಟ! ಇವೆರಡಕ್ಕೂ ಸಂಬಂಧವಿಲ್ಲ ಎನ್ನುವವರಿಗೆ ಡಾಕ್ಟರೇಟ್ ಸಿಗುವ ಸಂಭವ ಕಡಿಮೆ.

ಇನ್ನು ಯಂತ್ರದ ಆಯ್ಕೆ. ಈ ಬಗ್ಗೆ ದರ್ಶನಗಳು ಮುಖ್ಯವಾಗಿ ಮೂರು. ಟೂ ಸ್ಟ್ರೋಕ್ ಎಂಜಿನ್ ಅದ್ವೈತ. ಅದರಲ್ಲಿ ಪೆಟ್ರೋಲ್ ಬೇರೆ, ಆಯಿಲ್ ಬೇರೆ ಎಂಬುದಿಲ್ಲ. ಎರಡೂ ಒಂದೇ ಟ್ಯಾಂಕಿನಲ್ಲಿ ಬೆರೆತು ಏಕವಾಗಿರುತ್ತವೆ. ಹಗುರ, ಗಟ್ಟಿ ದನಿ, ನೀಲಿ ಹೊಗೆ. ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಹೋದರೆ ಫೋರ್ ಸ್ಟ್ರೋಕ್, ಅದು ದ್ವೈತ. ಆಯಿಲ್ ಎಂದೆಂದಿಗೂ ಆಯಿಲೇ, ಪೆಟ್ರೋಲ್ ಎಂದೆಂದಿಗೂ ಪೆಟ್ರೋಲೇ, ಒಂದರ ಮನೆಗೆ ಇನ್ನೊಂದು ಕಾಲಿಡುವಂತಿಲ್ಲ. ಹೋಂಡಾದ ಜಿಎಕ್ಸ್35 ಈ ಮತದ ಪ್ರಸಿದ್ಧ ಗ್ರಂಥ. 35.8 ಸಿಸಿ, ಹೊಟ್ಟೆಯಲ್ಲಿ ಸುಮಾರು 100 ಮಿಲಿಲೀಟರ್ ಆಯಿಲ್, ಇಳಿಜಾರಿನಲ್ಲಿ ಹೇಗೆ ವಾಲಿಸಿದರೂ ಓಡುವಂಥ ರಚನೆ. ತೂಕ ಹೆಚ್ಚು, ಪೆಟ್ರೋಲ್ ಖರ್ಚು ಕಡಿಮೆ, ಮಾತೂ ಕಡಿಮೆ. ಮೇಲುಕೋಟೆಯ ಕಡೆಯವರೇನೂ ಸುಮ್ಮನೆ ಕೂತಿಲ್ಲ. ಸ್ಟಿಲ್ ಕಂಪನಿಯ ಫೋರ್ ಮಿಕ್ಸ್ ಎಂಜಿನ್ ಫೋರ್ ಸ್ಟ್ರೋಕೇ ಆದರೂ ಆಯಿಲ್ ಬೆರೆಸಿದ ಪೆಟ್ರೋಲನ್ನೇ ಕುಡಿಯುತ್ತದೆ. ಭೇದವೂ ಉಂಟು, ಐಕ್ಯವೂ ಉಂಟು, ವಿಶಿಷ್ಟಾದ್ವೈತವಲ್ಲದೆ ಇನ್ನೇನು? ಬ್ಯಾಟರಿ ಯಂತ್ರದವರು ಪೆಟ್ರೋಲೇ ಮಿಥ್ಯೆ ಎನ್ನುವ ಶೂನ್ಯವಾದಿಗಳು. ಕರೆಂಟಿಲ್ಲದ ಮಳೆಗಾಲದಲ್ಲಿ ಅವರನ್ನು ಖಂಡಿಸುವ ಶ್ರಮವೂ ಬೇಡ.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ನಮ್ಮ ಚಾವಡಿಯಲ್ಲಿ ಭಾವನಿಗೂ ಚಿಕ್ಕಪ್ಪನಿಗೂ ವಾದ ನಡೆಯಿತು. ಮಂಡನಮಿಶ್ರರ ವಾದದಲ್ಲಿ ಯಾರ ಕೊರಳಿನ ಹಾರ ಬಾಡುವುದೋ ಎಂದು ಕಾದಿದ್ದರಂತೆ. ಇಲ್ಲಿ ಬಾಡಿದ್ದು ತೋಟದಲ್ಲಿ ಮಧ್ಯಾಹ್ನದವರೆಗೆ ಕಾದ ಕೆಲಸದವನ ಮುಖ. ಉಭಯಭಾರತಿಯ ಸ್ಥಾನದಲ್ಲಿ ಕಾಫಿ ತಂದ ಅತ್ತಿಗೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ಕೆಟ್ರೆ ಕೊಪ್ಪದಲ್ಲಿ ಯಾವುದನ್ನ ರಿಪೇರಿ ಮಾಡ್ತಾರೋ ಅದನ್ನ ತಗೊಳ್ಳಿ." ಇದಕ್ಕೆ ಮಿಗಿಲಾದ ಸಿದ್ಧಾಂತ ಈ ಶಾಸ್ತ್ರದಲ್ಲಿ ಇಲ್ಲ.

ಇಂಧನ ಪ್ರಕರಣ. ಐವತ್ತಕ್ಕೆ ಒಂದು ಎಂದು ಕೈಪಿಡಿ ಹೇಳಿದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂ ಟಿ ಆಯಿಲ್. ಇಪ್ಪತ್ತೈದಕ್ಕೆ ಒಂದು ಎಂದರೆ 40. ಕೈಪಿಡಿಯೇ ಶ್ರುತಿ, ಮೆಕ್ಯಾನಿಕ್ಕನ ಮಾತು ಸ್ಮೃತಿ. ಎರಡಕ್ಕೂ ವಿರೋಧ ಬಂದಲ್ಲಿ ಶ್ರುತಿಯೇ ಪ್ರಬಲವೆಂದು ಪೂರ್ವಾಚಾರ್ಯರು ಹೇಳಿದ್ದಾರೆ. ಅಳತೆಯ ಮಟ್ಟಿಗೆ ನಾನು ಅವರ ಪಕ್ಷ. "ಎರಡು ಮುಚ್ಚಳ ಹಾಕಿ ಭಟ್ರೇ, ಸಾಕು" ಎನ್ನುವ ಸಂಪ್ರದಾಯವೊಂದಿದೆ. ಮುಚ್ಚಳ ಯಾವ ಬಾಟಲಿಯದು ಎಂಬುದಕ್ಕೆ ಅಲ್ಲಿ ಪ್ರಮಾಣವಿಲ್ಲ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಉಜ್ಜಿ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬ ನೈಯಾಯಿಕರ ಅನುಮಾನವನ್ನು ಇಲ್ಲಿ ತಿದ್ದಿಕೊಳ್ಳಬೇಕು. ದಟ್ಟ ನೀಲಿ ಹೊಗೆಯಿದ್ದಲ್ಲಿ ಆಯಿಲ್ ಹೆಚ್ಚುಂಟು.

ಈಗ ಈ ಗ್ರಂಥದ ಅತಿ ಗಹನ ಭಾಗ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಸಿಗುವುದು ಅದೇ. ಸಣ್ಣ ಎಂಜಿನ್ನಿನ ಅನೇಕ ಕೈಪಿಡಿಗಳು ಶೇಕಡ 10ರ ಮೇಲೆ ಬೇಡ ಎನ್ನುತ್ತವೆ. ಎಥನಾಲಿಗೆ ನೀರಿನ ಮೇಲೆ ತೀರದ ಮೋಹ. ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ, ಗಾಳಿಯಲ್ಲಿ ತೇವಕ್ಕೆ ನಮ್ಮಲ್ಲೇನು ಬರ? ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿಗೆ ಸಾಕಷ್ಟು ನೀರು ಸೇರಿದ್ದೇ ತಡ, ಎಥನಾಲೂ ನೀರೂ ಜೋಡಿಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲೂ ಆಯಿಲೂ ಮೇಲೆ ಉಳಿಯುತ್ತವೆ. ಅಂದರೆ ಅದ್ವೈತದ ಟ್ಯಾಂಕಿನೊಳಗೇ ದ್ವೈತ! ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಫಿಲ್ಟರ್ ತೂಗಾಡುವುದು ತಳದಲ್ಲೇ. ಅದು ಆಯಿಲ್ ಇಲ್ಲದ ತಳದ ನೀರನ್ನು ಎಳೆದು ಕೊಡುತ್ತದೆ, ಎಂಜಿನ್ ಕೆಮ್ಮುತ್ತದೆ, ನಾವು ಪ್ಲಗ್ಗನ್ನು ಬೈಯುತ್ತೇವೆ. ಕಾರ್ಬುರೇಟರಿನ ರಬ್ಬರ್ ಪೊರೆ, ಪೆಟ್ರೋಲ್ ಪೈಪು ಗಡುಸಾಗುವ ಕಥೆಯೂ ಇದರದೇ ಉತ್ತರಕಾಂಡ.

ಆರಂಭ ಪ್ರಕರಣ. ಮಬ್ಬು ಬೆಳಕಿನಲ್ಲಿ ಹಗ್ಗವನ್ನು ಹಾವೆಂದು ತಿಳಿಯುವುದು ವೇದಾಂತದ ಹಳೆಯ ದೃಷ್ಟಾಂತ. ಅಡಿಕೆ ತೋಟದಲ್ಲಿ ಹಾವು ಹಾವೇ, ಭ್ರಮೆಯೆಲ್ಲ ಹಗ್ಗದ ಮೇಲೆ. ಅಂಗಡಿಯಲ್ಲಿ ಒಂದೇ ಎಳೆತಕ್ಕೆ ಗುರ್ರೆಂದದ್ದು ಪ್ರಾತಿಭಾಸಿಕ ಸತ್ಯ. ಅಂಗಳದಲ್ಲಿ ಹತ್ತು ಎಳೆತ ವ್ಯಾವಹಾರಿಕ. ಬಸಿಗಾಲುವೆ ದಾಟಿ ತೋಟದ ಮೂಲೆ ಮುಟ್ಟಿದ ಮೇಲೆ ಏನಾಗುತ್ತದೋ ಅದು ಪಾರಮಾರ್ಥಿಕ.

ಕ್ರಮ ಹೀಗೆ. ಪ್ರೈಮರ್ ಗುಳ್ಳೆಯಲ್ಲಿ ಪೆಟ್ರೋಲ್ ಕಾಣುವವರೆಗೆ ಒತ್ತಬೇಕು. ಕಾಣದಿದ್ದರೆ ಇಲ್ಲವೆಂದೇ ಅರ್ಥ, ಅನುಪಲಬ್ಧಿ ನಮಗೆ ಪ್ರಮಾಣವೇ. ಎಂಜಿನ್ ತಣ್ಣಗಿದ್ದರೆ ಚೋಕ್ ಮುಚ್ಚಬೇಕು. ಹಗ್ಗವನ್ನು ಬಿಗಿ ಸಿಗುವವರೆಗೆ ಮೆಲ್ಲಗೆ, ಆಮೇಲೆ ಜೋರಾಗಿ ಎಳೆಯಬೇಕು. ಒಮ್ಮೆ "ಡುಬ್" ಎಂದಿತೋ, ಚೋಕ್ ತೆರೆಯಬೇಕು. ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ. ಡುಬ್ ಎಂದ ಆನಂದದಲ್ಲಿ ಚೋಕ್ ಮುಚ್ಚಿಯೇ ಎಳೆಯುತ್ತಾರೆ, ಪ್ಲಗ್ ಪೆಟ್ರೋಲಿನಲ್ಲಿ ಮೀಯುತ್ತದೆ. ಆಗ ಪ್ಲಗ್ ಬಿಚ್ಚಿ ಒರೆಸಿ, ಸ್ವಿಚ್ ಆಫ್ ಮಾಡಿ ಬರೀ ಹಗ್ಗ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಬೀಡಿ ಸೇದುವವರನ್ನು ದೂರ ಕಳಿಸಿ, ಆರಿದ ಮೇಲೆ ಮತ್ತೆ ಹಾಕಬೇಕು.

ಇಷ್ಟಾದರೂ ಓಡಲಿಲ್ಲವೆಂದರೆ ಮೂಲಾವಿದ್ಯೆಯನ್ನು ಶಂಕಿಸಬೇಕು. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಸಂನ್ಯಾಸಕ್ಕೆ ಮುಂಚೆಯೇ, 1929ರಲ್ಲಿ, ‘ಮೂಲಾವಿದ್ಯಾನಿರಾಸ’ ಬರೆದು ಅಂಥದೊಂದು ಇಲ್ಲವೆಂದು ಸಾಧಿಸಿದರು. ದೊಡ್ಡವರ ಮಾತು, ವೇದಾಂತದಲ್ಲಿ ನಾನು ಬಾಯಿ ಹಾಕುವುದಿಲ್ಲ. ಕಳೆಯಂತ್ರದಲ್ಲಿ ಮಾತ್ರ ಅದು ಉಂಟು. ಹಿಡಿಕೆಯ ಪಕ್ಕದಲ್ಲಿರುವ ಪುಟ್ಟ ಸ್ವಿಚ್ಚು, ಬೆಳಗಿನಿಂದಲೂ ಆಫ್ ಆಗಿಯೇ ಇರುತ್ತದೆ.

ಓಡಿದ ಮೇಲಿನ ಕರ್ಮಕಾಂಡ ಚಿಕ್ಕದು. ಹೂಸ್ಟನ್ನಿನ ಜಾರ್ಜ್ ಬಾಲಸ್ 1971ರಲ್ಲಿ ಕಾರು ತೊಳೆಯುವ ಬ್ರಷ್ ನೋಡಿ, ತಗಡಿನ ಡಬ್ಬಕ್ಕೆ ಮೀನುಗಾಳದ ದಾರ ಕಟ್ಟಿ ತಿರುಗಿಸಿದ. ಇಂದಿನ ನೈಲಾನ್ ದಾರ ಅವನ ಪ್ರಸಾದ. ಗಿಡದ ಬುಡದಲ್ಲಿ ದಾರ, ಬಲಿತ ಪೊದೆಗೆ ಬ್ಲೇಡು. ದಾರವೂ ಎಳೆ ಗಿಡದ ತೊಗಟೆ ಸುಲಿಯುತ್ತದೆ. ಮೆಣಸಿನ ಬಳ್ಳಿಯ ಬುಡವಂತೂ ಬ್ಲೇಡಿಗೆ ಕಳೆಯಾಗಿಯೇ ಕಾಣುತ್ತದೆ. ಬಳ್ಳಿ ಒಣಗಿದ್ದು ಮರದ ತುದಿ ನೋಡಿದಾಗಲೇ ತಿಳಿಯುವುದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಕಲ್ಲು ಹಾರುವುದಕ್ಕೆ ಮತಭೇದವಿಲ್ಲ.

ಕೊನೆಯದಾಗಿ ಓದುಗರಲ್ಲಿ ವಿನಂತಿ. ಕಳೆ ಹೊಡೆದು ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಅಟ್ಟಕ್ಕೆ ಹಾಕಿ. ಕ್ಯಾನಿನಲ್ಲಿ ಉಳಿದ ಹಳೆ ಪೆಟ್ರೋಲನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ.