ಸ್ಟುಡಿಯೋ ಅಣ್ಣ

ಮಲ್ಲಟ, ಸಿರವಾರ, ಮಾನ್ವಿ, ದೇವದುರ್ಗ – ರಾಯಚೂರು ಜಿಲ್ಲೆಯ ಈ ಸುತ್ತಿನಲ್ಲಿ ಎಲ್ಲಿಗೆ ಹೋದರೂ ಒಬ್ಬ ಸ್ಟುಡಿಯೋ ಅಣ್ಣ ಸಿಕ್ಕೇ ಸಿಗುತ್ತಾನೆ. ಮನೆಯ ಹಿಂದಿನ ಕೋಣೆ, ಮೇಲೆ ತಗಡು, ಬಾಗಿಲಿಗೆ ಅವ್ವನ ಹಳೇ ಕೌದಿ. ಒಳಗೆ ಒಂದು ಕಂಪ್ಯೂಟರ್, ಒಂದು ಸೌಂಡ್‌ಕಾರ್ಡ್, ಒಂದು ಮೈಕು. ಭಜನಾ ಮಂಡಳಿಯವರು, ಮೊಹರಂ ಪದದವರು, ಯೂಟ್ಯೂಬ್ ಜಾನಪದದವರು ಎಲ್ಲರೂ ಇವನ ಗಿರಾಕಿಗಳೇ. ಕೊರತೆ ಒಂದೇ, ಸರಿಯಾದ ಹೆಡ್‌ಫೋನ್ ಇನ್ನೂ ಸಿಕ್ಕಿಲ್ಲ.

“ತಮ್ಮಾ, ಹಾಡು ಯಾವಾಗ ಕೊಡ್ತಿ?”

“ಮುಗದೈತ್ರಿ ಮಾಸ್ತರ, ಹೆಡ್‌ಫೋನ್ ಒಂದು ಬರಬೇಕ್ರಿ.”

“ಹ್ವಾದ ವರ್ಸನೂ ಅದನ್ನ ಹೇಳಿದ್ದೆಲ್ಲೋ!”

“ಅದು ಬ್ಯಾರೆ ಹೆಡ್‌ಫೋನ್ರಿ.”

ಅಣ್ಣನ ವಾದ ಪೂರ್ತಿ ಸುಳ್ಳಲ್ಲ. ಹತ್ತಡಿಯ ತಗಡಿನ ಕೋಣೆಯಲ್ಲಿ ಸ್ಪೀಕರ್ ಇಟ್ಟು ಮಿಕ್ಸಿಂಗ್ ಮಾಡಿದರೆ ಕೇಳುವುದು ಹಾಡಲ್ಲ, ಕೋಣೆ. ಬಾಸ್ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ. ಕೌದಿ ಹೀರುವುದು ತೆಳು ದನಿಯನ್ನು. ಬಾಸಿಗೆ ಅದರ ಲೆಕ್ಕವೇ ಇಲ್ಲ. ಕೋಣೆ ಸರಿಮಾಡಿಸುವ ಖರ್ಚಿಗಿಂತ ಹೆಡ್‌ಫೋನ್ ಅಗ್ಗ. ಇದಕ್ಕೆ ಅಣ್ಣ ಕೊಡುವ ಸಾಕ್ಷಿ ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್. 2019ರ ಆಕೆಯ ಆಲ್ಬಮ್ ಬಹುಪಾಲು ರೆಕಾರ್ಡ್ ಆದದ್ದು ಲಾಸ್ ಏಂಜಲೀಸ್‌ನ ಮನೆಯಲ್ಲಿ, ಆಕೆಯ ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. 2020ರಲ್ಲಿ ಗ್ರ್ಯಾಮಿ ಮೇಲೆ ಗ್ರ್ಯಾಮಿ ಬಂದವು. ಆ ಆಲ್ಬಮ್ಮಿನ ಮಿಕ್ಸಿಂಗನ್ನು ರಾಬ್ ಕಿನೆಲ್‌ಸ್ಕಿ ಎಂಬ ಬೇರೆ ಇಂಜಿನಿಯರ್ ಮಾಡಿದ ಎಂಬ ವಿಷಯ ಮಾತ್ರ ಅಣ್ಣನ ಬಾಯಿಗೆ ಬರುವುದಿಲ್ಲ.

ಅಣ್ಣನಿಗೆ ಮೊದಲು ಬಂದ ಹೆಡ್‌ಫೋನ್ ಸೋನಿ ಎಂಡಿಆರ್-7506. ಸುರುಳಿ ವೈರು, ಮುಚ್ಚಿದ ಬೆನ್ನು, 1991ರಿಂದ ಜಗತ್ತಿನ ಸ್ಟುಡಿಯೋಗಳಲ್ಲಿ ದುಡಿಯುತ್ತಿರುವ ಮಾಲು. ಅದು “ಕಿವ್ಯಾಗ ಚುಚ್ಚತೈತಿ” ಎಂದು ಮೂಲೆ ಸೇರಿತು. ಅಷ್ಟರಲ್ಲಿ ರಾಯಚೂರಿನ ಬೇಸಿಗೆಗೆ ಅದರ ಪ್ಯಾಡ್ ಸಿಪ್ಪೆ ಎದ್ದು ಉದುರತೊಡಗಿತ್ತು. ಅಣ್ಣನ ಕಿವಿಗೆ ಕರಿ ಚೂರು ಅಂಟಿದ್ದರೆ ಇವತ್ತು ಕೆಲಸ ನಡೆದಿದೆ ಎಂದು ಗಿರಾಕಿಗಳು ತಿಳಿಯುತ್ತಿದ್ದರು. ಆಮೇಲೆ ಆಡಿಯೋ-ಟೆಕ್ನಿಕಾ ಎಂ50ಎಕ್ಸ್. “ಬಾಸ್ ಇಲ್ಲದಲ್ಲೂ ಬಾಸ್ ತೋರಸತೈತಿ” ಎಂಬ ಆರೋಪ. ಆಮೇಲೆ ಬೇಯರ್‌ಡೈನಾಮಿಕ್ ಡಿಟಿ 990 ಪ್ರೋ, 250 ಓಮ್‌ನದು. ಮೊಬೈಲಿಗೆ ಚುಚ್ಚಿದರೆ ದನಿ ಪಕ್ಕದ ಓಣಿಯಿಂದ ಬಂದಂತಾಯಿತು. ಅಷ್ಟು ಓಮ್ ಎಳೆಯಲು ಮೊಬೈಲಿಗೆ ತಾಕತ್ತಿಲ್ಲ, ಆಂಪ್ಲಿಫೈಯರ್ ಬೇಕು. ಅದೂ ಬಂತು. ಆದರೆ ಇದು ಓಪನ್ ಬ್ಯಾಕ್. ಮಿಕ್ಸಿಂಗಿಗೆ ಒಳ್ಳೆಯದು, ಹಾಡುವವರ ತಲೆಗೆ ಹಾಕಿದರೆ ಒಳಗಿನ ಸದ್ದೆಲ್ಲ ಹೊರಗೆ ಸೋರುತ್ತದೆ. ಹಾಗೆ ಸೋರಿ, ದೇವರನಾಮದ ಆಲಾಪದ ನಡುವೆ ತಾಳದ ಟಿಕ್ ಟಿಕ್ ಮೈಕಿಗೆ ಹೊಕ್ಕು ಖಾಯಂ ಆಯಿತು. ಸೆನ್‌ಹೈಸರ್ ಎಚ್‌ಡಿ 600 ಸದ್ಯಕ್ಕೆ ಮೊಬೈಲಿನ ಕಾರ್ಟ್‌ನಲ್ಲಿದೆ. ಭತ್ತದ ರೇಟು ಏರಬೇಕು.

ಕೊಳ್ಳುವುದಕ್ಕೆ ಮೊದಲು ಗ್ರಾಫ್ ನೋಡುವುದೊಂದು ವಿಧಿ. ಹರ್ಮನ್ ಕಂಪನಿಯ ಶಾನ್ ಓಲಿವ್ ಮತ್ತು ಸಂಗಡಿಗರು ಕೇಳುಗರನ್ನು ಕೂರಿಸಿ, ಎಂಥ ದನಿ ಹಿತವೆಂದು ಪರೀಕ್ಷಿಸಿ ಒಂದು ಗೆರೆ ಎಳೆದಿದ್ದಾರೆ. ಅಣ್ಣ ಹೆಡ್‌ಫೋನಿನ ಗ್ರಾಫನ್ನು ಆ ಗೆರೆಯ ಪಕ್ಕ ಇಟ್ಟು, ಪಂಚಾಂಗ ನೋಡಿದಂತೆ ನೋಡಿ, ದೋಷ ಹುಡುಕುತ್ತಾನೆ. ಅವನ ಚಾಳೀಸಿನ ಕಡ್ಡಿ ಪ್ಯಾಡನ್ನು ಎತ್ತಿ, ಆ ಸಂದಿಯಲ್ಲಿ ಬಾಸ್ ಸೋರಿಹೋಗುತ್ತಿರುವ ದೋಷ ಮಾತ್ರ ಯಾವ ಗ್ರಾಫಿನಲ್ಲೂ ಕಾಣುವುದಿಲ್ಲ. ವಾಲ್ಯೂಮಿನದೂ ಅದೇ ಕಥೆ. ದನಿ ಸಣ್ಣದಾದರೆ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟರು. ಅವ್ವ ಮಲಗಿದಾಗ ಸಣ್ಣಗೆ ಕೇಳಿ ಬಾಸ್ ಏರಿಸುವುದು, ಬೆಳಿಗ್ಗೆ ಜೋರಾಗಿ ಕೇಳಿ ಇಳಿಸುವುದು, ಬೈಗುಳ ಹೆಡ್‌ಫೋನಿಗೆ.

ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು ಹಾಡಿದ ನೆಲವಿದು, ಭಜನೆಗೆ ಬರವಿಲ್ಲ. ಅಂಥದೊಂದು ಭಜನೆಯ ಕೋರಸ್ಸನ್ನು ಅಣ್ಣ ಪ್ಲಗಿನ್ ಹಾಕಿ ಎಡಕ್ಕೂ ಬಲಕ್ಕೂ ಅಗಲ ಮಾಡಿದ. ಹೆಡ್‌ಫೋನಿನಲ್ಲಿ ಎಡಗಿವಿಯದು ಎಡಕ್ಕೆ, ಬಲಗಿವಿಯದು ಬಲಕ್ಕೆ, ಸ್ವರ್ಗ. ಗುಡಿಯ ಮೈಕ್‌ಸೆಟ್ ಮೋನೋ. ಎಡ-ಬಲ ಕೂಡಿದ್ದೇ ತಡ, ಒಂದಕ್ಕೊಂದು ತಿರುಗುಮುರುಗಾಗಿದ್ದ ಅಲೆಗಳು ಪರಸ್ಪರ ಹೊಡೆದುಕೊಂಡು ಕೋರಸ್ಸೇ ಮಾಯ. ರಾತ್ರಿಯೆಲ್ಲ ತಿದ್ದಿದ ಬಾಸ್ ಅಂತೂ ಗುಡಿಯ ಹಾರ್ನಿನಿಂದ ಹೊರಗೇ ಬರಲಿಲ್ಲ. ಹಾರ್ನ್ ಇರುವುದು ಮಾತು ದೂರ ಮುಟ್ಟಿಸಲಿಕ್ಕೆ. ಕಟ್ಟೆಯ ಮೇಲೆ ಕೂತ ಭಜನೆ ಮಾಸ್ತರರು ಒಂದೇ ಕೇಳಿದರು: “ಹಿಮ್ಮ್ಯಾಳದವರಿಗೆ ಊಟ ಹಾಕಿದ್ದೆವಲ್ಲೋ, ಎಲ್ಲಿ ಹೋದ್ರು?” ಅಣ್ಣ ಕಾರಣ ವಿವರಿಸತೊಡಗಿದಾಗ ಇನ್ನೊಂದು ಪ್ರಶ್ನೆ ಬಂತು: “ನಮ್ಮ ಸಿದ್ಧರಾಮ ಜಂಬಲದಿನ್ನಿಯವರು ಯಾವ ಹೆಡ್‌ಫೋನ್ ಹಾಕ್ಕೊತಿದ್ರು?” ರಾಯಚೂರಿನ ರಂಗಮಂದಿರಕ್ಕೆ ಆ ಗಾಯಕರ ಹೆಸರಿದೆ, ಈ ಪ್ರಶ್ನೆಗೆ ಅಲ್ಲಿಯೂ ಉತ್ತರವಿಲ್ಲ.

ಹಾಗೆ ನೋಡಿದರೆ ಮೂಲೆ ಸೇರಿದ ಆ ಸೋನಿಯೇ ಸಾಕಿತ್ತು. ಹೊಸ ಪ್ಯಾಡ್ ಹಾಕಿ, ಚೆನ್ನಾಗಿ ಪರಿಚಯವಿರುವ ನಾಲ್ಕು ಹಾಡು ಅದರಲ್ಲಿ ಕೇಳಿ, ಅದು ಎಲ್ಲಿ ಚುಚ್ಚುತ್ತದೆಂದು ತಿಳಿದುಕೊಂಡು, ಮುಗಿದ ಮೇಲೆ ಒಮ್ಮೆ ಮೋನೋ ಗುಂಡಿ ಒತ್ತಿ, ಒಮ್ಮೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿದ್ದರೆ ಹಿಮ್ಮೇಳದವರು ಎಲ್ಲಿಗೂ ಹೋಗುತ್ತಿರಲಿಲ್ಲ. ಇದನ್ನು ಅಣ್ಣನಿಗೆ ಹೇಳಿದರೆ, “ಅದರಾಗ ಡಿಟೇಲ್ ಬರಂಗಿಲ್ರೀ” ಎನ್ನುತ್ತಾನೆ.

ಆದ್ದರಿಂದ ಮೊಹರಂ ಪದ ರೆಕಾರ್ಡ್ ಮಾಡಿಸಲು ಈ ಕಡೆ ಬರುವವರು ಅಣ್ಣನ ಹತ್ತಿರ ಹೆಡ್‌ಫೋನ್ ಯಾವುದಿದೆ ಎಂದು ವಿಚಾರಿಸಬೇಡಿ. ಈ ಮೊಹರಮ್ಮಿಗೋ ಮುಂದಿನದಕ್ಕೋ ಎಂದು ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.